ಆ ಇಲಿಗೆ ತುತ್ತು ಹಾಕುವವರ್ಯಾರು?

"ಏನ್ರೀ... ನೀವೇನಾ ಆ ಇಲೀನ ಉಪವಾಸ ಕೆಡವಿ ಕಥೆ ಮುಗಿಸಿದ್ದು?"

ಕೋದಂಡ ಬೆಚ್ಚಿ ತಿರುಗಿದ.

ಬಂಗಾರಪೇಟೆಯ ಟೆಂಟ್ ಸಿನಿಮಾದ ತಡಿಕೆ ಬಾಗಿಲ ಹತ್ತಿರ, ಕಡಲೆಕಾಯಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು. ಮೂಗೂ ಕೆಂಪಗಾಗಿತ್ತು. ಜಗಳಕ್ಕೆ ಬಂದಿದ್ದಾಳೋ, ಅಳುವುದಕ್ಕೆ ಬಂದಿದ್ದಾಳೋ ಅವನಿಗೆ ತಿಳಿಯಲಿಲ್ಲ.

"ನಾನೇ... ಯಾಕೆ?"

"ಯಾಕಂತೆ ಯಾಕೆ! ಆ ತಾತ ಪೆನ್ಷನ್ ತಗೊಂಡು ಮನೆಗೋದ. ಆ ಇಲಿ ಅಲ್ಲೇ ಕೂತ್ಕೊಂಡು ಕಾಯ್ತಾ ಐತೆ. ಅದಕ್ಕೆ ತುತ್ತು ಆಕೋರ್ಯಾರು? ಕಥೆ ಮಾಡೋನಿಗೆ ಒಂದಿಷ್ಟಾದ್ರೂ ಕರುಳು ಬ್ಯಾಡ್ವಾ?"

ಇಲಿಯ ಕಥೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಂಡೀರಿ!

ಎಂಬತ್ತರ ದಶಕದ ಮೊದಲ ವರ್ಷಗಳು. ಟೆಂಟಿನಲ್ಲಿ ಇಂಟರ್‌ವೆಲ್ ಬಿಟ್ಟಾಗ ಪರದೆಯ ಮೇಲೆ ಅಂಗಡಿಗಳ ಸ್ಲೈಡು ತೋರಿಸುತ್ತಿದ್ದರು. ಅಂಗೈಯಗಲದ ಗಾಜಿಗೆ ಚಿಮಣಿ ದೀಪದ ಮಸಿ ಹಿಡಿಸಿ, ಅದರ ಮೇಲೆ ಸೂಜಿಯಿಂದ ಗೀರಿದರೆ ಒಂದು ಸ್ಲೈಡು. ಆ ಕೆಲಸ ಕೋದಂಡನದು. ಊರು ಕೆ.ಜಿ.ಎಫ್‌ನ ನಂದಿದುರ್ಗದ ಲೈನು, ಎಂದರೆ ಗಣಿ ಕೆಲಸಗಾರರ ಸಾಲುಮನೆ. ಅಪ್ಪ ಚಿನ್ನದ ಗಣಿಯಲ್ಲಿ ದುಡಿದವನು.

ಒಂದು ವಾರ ಜಾಹೀರಾತು ಕಡಿಮೆ ಬಿದ್ದವು. ಖಾಲಿ ಗಾಜಿನ ಮೇಲೆ ಕೋದಂಡ ಸುಮ್ಮನೆ ಒಂದು ಚಿತ್ರ ಗೀರಿದ. ಗಣಿಯೊಳಗೆ ತಲೆದೀಪ ಕಟ್ಟಿಕೊಂಡ ಒಬ್ಬ ಮುದುಕ ಬುತ್ತಿ ಬಿಚ್ಚುತ್ತಿದ್ದಾನೆ. ದೂರದಲ್ಲಿ ಒಂದು ಇಲಿ. ಮರುವಾರ ಇಲಿ ಸ್ವಲ್ಪ ಹತ್ತಿರ ಬಂತು. ಅದರ ಮರುವಾರ ಮುದುಕ ಒಂದು ತುತ್ತು ಇಟ್ಟ. ಹೀಗೆ ವಾರವಾರವೂ ಕಥೆ ಬೆಳೆಯಿತು. ಒಂದು ಮಾತಿಲ್ಲ, ಕಪ್ಪು ಕತ್ತಲೆಯಲ್ಲಿ ಬರೀ ಬಿಳಿ ಗೆರೆ. ನೋಡುವವರಿಗೆ ತಾವೇ ಗಣಿಯೊಳಗೆ ಕೂತಂತೆ ಆಗುತ್ತಿತ್ತು.

ಟೀ ಕುಡಿಯಲು ಹೋದವರು ಓಡಿ ಬರುತ್ತಿದ್ದರು. ಟೆಂಟಿನ ಮುಂದೆ ಕಡಲೆಕಾಯಿ ಮಾರುವ ಪಾಪಕ್ಕ ಮಾತ್ರ ಗೊಣಗುತ್ತಿದ್ದಳು. "ಆಳಾದ್ ಇಲಿ! ಅದು ಬಂದ್ರೆ ಒಂದು ಪಾವು ಕಡ್ಲೆಕಾಯಿ ಓಗಲ್ಲ!"

ಆ ಪಾಪಕ್ಕನ ತಂಗಿಯೇ ಈ ಮುತ್ಯಾಲು. ಬೂದಿಕೋಟೆಯ ಹಾಲು ಮಾರುವ ಮನೆಯ ಹುಡುಗಿ. ಟೈಲರಿಂಗ್ ಕಲಿಯಲು ಅಕ್ಕನ ಮನೆಗೆ ಬಂದವಳು, ಸಾಯಂಕಾಲ ಬುಟ್ಟಿ ಹೊತ್ತು ಟೆಂಟಿನೊಳಗೆ ಹೋಗುತ್ತಿದ್ದಳು. ಇಲಿಯ ಒಂದು ಚಿತ್ರವನ್ನೂ ಅವಳು ಬಿಟ್ಟಿರಲಿಲ್ಲ. ಇವತ್ತು ಕೊನೆಯ ಚಿತ್ರ. ಮುದುಕ ಇಲ್ಲ, ಬುತ್ತಿ ಇಲ್ಲ. ಇಲಿ ಒಂದೇ ಕಾಯುತ್ತಿದೆ.

"ಏಳಿ ಮತ್ತೆ! ಯಾರು ಆಕ್ತಾರೆ?" ಮುತ್ಯಾಲು ಬಿಡಲಿಲ್ಲ.

ಕೋದಂಡ ತಲೆ ತಗ್ಗಿಸಿದ. "ನಮ್ಮಪ್ಪ ಪೆನ್ಷನ್ ಆಗಿ ಗಣಿ ಕೆಲ್ಸ ಬಿಟ್ಟಾಗ ಇದೇ ಮಾತು ಕೇಳ್ದ. 'ಆ ಇಲಿಗೆ ಇನ್ಯಾರ್ಲಾ ಆಕ್ತಾರೆ?' ಅಂತ. ನಂಗೆ ಗೊತ್ತಿರ್ಲಿಲ್ಲ. ಈಗ್ಲೂ ಗೊತ್ತಿಲ್ಲ... ಅದಕ್ಕೇ ಅಲ್ಲಿಗೇ ನಿಲ್ಲಿಸ್ದೆ."

ಮುತ್ಯಾಲು ಕಣ್ಣೊರೆಸಿಕೊಂಡಳು. ಬುಟ್ಟಿಯಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಅವನ ಕೈಗೆ ಸುರಿದು, ಹಿಂತಿರುಗಿ ನೋಡದೆ ಹೊರಟುಹೋದಳು.

ಪ್ರೀತಿ ಶುರುವಾಗಲು ಇನ್ನೇನು ಬೇಕು ಹೇಳಿ!

ಆಮೇಲೆ ದಿನಾ ಮಾತು. ತಡಿಕೆಯ ಆಚೆ ಅವನು, ಈಚೆ ಇವಳು. ಪಾಪಕ್ಕ ನೋಡಿಯೂ ನೋಡದಂತಿದ್ದಳು.

"ನೀವ್ಯಾಕೆ ಯಾವಾಗ್ಲೂ ಕತ್ಲೇನೇ ಬರೀತೀರ?" ಒಂದು ದಿನ ಮುತ್ಯಾಲು ಕೇಳಿದಳು. "ಬೆಳಕಿರೋ ಕಥೆ ಒಂದು ಮಾಡಿ. ಅಸ, ಕರ, ರಾಗಿ ಒಲ... ನಮ್ಮೂರಿನಂಗೆ. ಕೊನೇಲಿ ಮದ್ವೆ ಆಗ್ಬೇಕು."

"ಯಾರ್ದು ಮದ್ವೆ?"

ಅವಳ ಕೆನ್ನೆ ಬಿಸಿಯಾಯಿತು. "ಕಥೇಲಿರೋರ್ದು! ಇನ್ಯಾರ್ದು?"

"ನೋಡಾಣ," ಎಂದ ಕೋದಂಡ.

ಮರುವಾರ ಬಂದು, "ಕೋಲಾರದ ಕಡೆ ಗೋಡೆ ಬರೆಯೋ ಕೆಲ್ಸ ಸಿಕ್ಕೈತೆ. ಸ್ವಲ್ಪ ದಿನ ಬರಕ್ಕಾಗಲ್ಲ," ಎಂದು ಹೇಳಿ ಹೋದ. ಹೇಳುವಾಗ ಅವನ ತುಟಿಯಂಚಿನಲ್ಲಿ ಒಂದು ನಗು ಇತ್ತು. ಬೇಜಾರಿನಲ್ಲಿ ಮುತ್ಯಾಲು ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೆ... ಛೇ, ಈಗ ಅಂದು ಏನು ಪ್ರಯೋಜನ!

ಅವನಿಲ್ಲದ ದಿನಗಳಲ್ಲಿ ಪರದೆಯ ಮೇಲೆ ಹೊಸ ಕಥೆ ಶುರುವಾಯಿತು. ಬಣ್ಣದ್ದು! ಕೆಳಗೆ ಒಂದು ಸೀರೆ ಅಂಗಡಿಯ ಹೆಸರು. ಹಾಲು ಕರೆಯುವ ಹುಡುಗಿ ನಗುತ್ತಾಳೆ. ಮರುವಾರ ಹೊಲದಲ್ಲಿ ನಿಂತು ನಗುತ್ತಾಳೆ. ಅದರ ಮರುವಾರ ಬಾವಿ ಹತ್ತಿರ ನಗುತ್ತಾಳೆ. ಯಾರಿಗೂ ಹಸಿವಿಲ್ಲ, ಯಾರಿಗೂ ಭಯವಿಲ್ಲ. ರಾಗಿಯ ತೆನೆ ಭತ್ತದ ತೆನೆಯ ಹಾಗೆ ಬಾಗಿದೆ.

"ಇದ್ಯಾರ್ದೋ ಬೇರೆಯವರ ಕೈ ಕಣಕ್ಕಾ. ಉಪ್ಪಿಲ್ಲದ ಸಾರು!" ಎಂದಳು ಮುತ್ಯಾಲು. ಅವಳಿಗೆ ಹೊಟ್ಟೆಯುರಿ. ನನ್ನ ಕೋದಂಡಪ್ಪನ ಜಾಗದಲ್ಲಿ ಯಾವನೋ ಬಂದು ಕೂತಿದ್ದಾನಲ್ಲ!

ಆ ಶನಿವಾರ ಹಸುವಿನ ಕೆಚ್ಚಲು ದೊಡ್ಡದಾಗಿ ಕಾಣುವ ಚಿತ್ರ ಬಿತ್ತು. ಹಾಲಿನ ಮನೆಯ ಹುಡುಗಿಯ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು.

"ಅಯ್ಯಯ್ಯೋ! ಅಸೂಗೆ ಆರು ತೊಟ್ಟು!"

ನೆಲದ ಜನ ಎಣಿಸಿದರು. ಬೆಂಚಿನ ಜನ ಎಣಿಸಿದರು. ಇಡೀ ಟೆಂಟು ಗೊಳ್ಳೆಂದಿತು.

ಮುತ್ಯಾಲುವಿಗೆ ಇನ್ನೂ ಹುರುಪು ಬಂತು. ಎದ್ದು ನಿಂತು ಕೂಗಿದಳು. "ಯಾವನಪ್ಪಾ ಇವ್ನು, ಜನ್ಮದಲ್ಲಿ ಅಸ ನೋಡ್ದೋನಲ್ಲ! ಆ ಇಲಿ ಕಥೆ ಮುಂದೆ ಇದನ್ನ ನಿವಾಳಿಸಿ ಬಿಸಾಕ್ಬೇಕು! ಕೋದಂಡಪ್ಪ ಇದ್ದಿದ್ರೆ ಇವನ ಕೈಗೆ ಸೂಜಿ ಚುಚ್ತಿದ್ರು!"

ಶಿಳ್ಳೆ, ಚಪ್ಪಾಳೆ... "ಆರು ತೊಟ್ಟು! ಆರು ತೊಟ್ಟು!" ಮಾಲೀಕರು ಮರುದಿನವೇ ಆ ಕಥೆ ನಿಲ್ಲಿಸಿಬಿಟ್ಟರು.

ಪ್ರೊಜೆಕ್ಟರ್ ನಡೆಸುವ ಪೆರುಮಾಳ್ ಮುಖ ಗಂಟಿಕ್ಕಿಕೊಂಡು ಪಾಪಕ್ಕನ ಬುಟ್ಟಿಯ ಮುಂದೆ ಬಂದು ನಿಂತ.

"ಏನ್ ತಂಗಚ್ಚಿ, ಇಪ್ಪಡಿ ಮಾಡ್ಬಿಟ್ಟೆಯಲ್ಲಾ? ಅದು ಕೋದಂಡನೇ ಬರೆದಿದ್ದು ಅಮ್ಮಾ. ನಿನಗೋಸ್ಕರ. ಕೊನೇ ಚಿತ್ರದಲ್ಲಿ ಗೊತ್ತಾಗ್ಲಿ ಅಂತ ಗುಟ್ಟು ಮಾಡಿದ್ದ. ನೀನು ಕೂಗೋವಾಗ ಅವನು ಒಳಗೆ ಪ್ರೊಜೆಕ್ಟರ್ ಹತ್ರ, ನನ್ನ ಪಕ್ಕದಲ್ಲೇ ನಿಂತಿದ್ದ."

ಮುತ್ಯಾಲುವಿನ ಕೈಯಿಂದ ಕಡಲೆಕಾಯಿ ಅಳೆಯುವ ಪಾವು ಜಾರಿ ಬಿತ್ತು.

'ಅಯ್ಯೋ ದೇವರೇ... ಅವರ ಪರ ಮಾತಾಡ್ತಿದೀನಿ ಅಂದ್ಕೊಂಡು ಅವರ ಮಾನಾನೇ ಕಳೆದ್ನಾ?'

ಮರುದಿನ ಬೆಳಗಿನ ರೈಲು ಹತ್ತಿ ಕೆ.ಜಿ.ಎಫ್‌ನಲ್ಲಿ ಇಳಿದಳು. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ದಾರಿ ಹಿಡಿದು, ಕೇಳಿ ಕೇಳಿ ಲೈನಿನ ಮನೆ ಹುಡುಕಿದಳು. ಕೋದಂಡ ಬಾಗಿಲಲ್ಲೇ ಕೂತಿದ್ದ. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನಂಗೆ ಗೊತ್ತಿರ್ಲಿಲ್ಲ... ನಿಮ್ಮದು ಅಂತ ಗೊತ್ತಿದ್ದಿದ್ರೆ..."

"ಗೊತ್ತಿದ್ದಿದ್ರೆ ನಗ್ತಿರ್ಲಿಲ್ಲ. ಗೊತ್ತಿರ್ಲಿಲ್ಲ, ಅದಕ್ಕೇ ನಿಜ ಏಳ್ದೆ." ಅವನು ನಗಲು ನೋಡಿದ. "ಅಸೂನ ಇಲ್ಲಿ ಯಾರು ಹತ್ತಿರದಿಂದ ನೋಡವ್ರೆ? ಲೈನಿನ ಹಂದಿ ನೋಡ್ಕೊಂಡು ಬರೆದೆ. ಓಗ್ಲಿ ಬಿಡು. ಈಗ ಏಳು ಮುತ್ಯಾಲು. ಕಥೆ ಎಂಗಿತ್ತು?"

ಒಂದು ಸುಳ್ಳು ಸಾಕಿತ್ತು. ಮದುವೆ ಮನೆಯಲ್ಲಿ, ನೆಂಟರ ಮನೆಯಲ್ಲಿ ನಾವೆಲ್ಲ ದಿನಾ ಹೇಳುವಂಥ ಒಂದು ಸಣ್ಣ ಸುಳ್ಳು. ಆದರೆ ಆ ಇಲಿಗಾಗಿ ಅತ್ತ ಹುಡುಗಿಗೆ ಅದು ಬಾಯಿಗೆ ಬರಲಿಲ್ಲ.

"ಚೆನ್ನಾಗಿರ್ಲಿಲ್ಲ," ಎಂದಳು ಮೆಲ್ಲಗೆ. "ಇಲಿ ಕಥೆ ಬಾಳ ಚೆನ್ನಾಗಿತ್ತು. ಅದನ್ನೇ ಇನ್ನೊಂದ್ಸಲ ಆಕ್ಸಿ. ಎಲ್ರೂ ಇದನ್ನ ಮರೆತೋಗ್ತಾರೆ."

ಕೋದಂಡನ ಮುಖ ಸಪ್ಪಗಾಯಿತು.

"ಆ ಇಲಿ ಇಲ್ಲ ಮುತ್ಯಾಲು."

"ಇಲ್ಲ ಅಂದ್ರೆ?"

"ಆ ಗಾಜುಗಳ್ನೇ ತೊಳೆದು ಇದನ್ನ ಬರೆದೆ. ಬೇರೆ ಗಾಜು ಎಲ್ಲಿತ್ತು?"

ಒಂದು ಬಟ್ಟೆ, ಒಂದಿಷ್ಟು ನೀರು... ಮುದುಕ, ಬುತ್ತಿ, ಇಲಿ, ಎಲ್ಲವೂ ಅಳಿಸಿಹೋಗಿತ್ತು. ತನ್ನ ಒಂದು ಮಾತಿಗೆ. 'ಬೆಳಕಿರೋ ಕಥೆ ಮಾಡಿ' ಎಂದ ಒಂದು ಮಾತಿಗೆ!

ಅವಳ ಎದೆಯಲ್ಲಿ ಇನ್ನೊಂದು ಮಾತು ಇತ್ತು. ಗಂಟಲವರೆಗೂ ಬಂತು. ಆದರೆ ಆಚೆಗೆ ಬಂದದ್ದು ಅಳು ಮಾತ್ರ. ಸೆರಗು ಬಾಯಿಗೆ ಒತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದುಬಿಟ್ಟಳು. ಕೋದಂಡ ಕರೆಯಲಿಲ್ಲ.

ಆಮೇಲೆ ಅವನು ಸೂಜಿ ಮುಟ್ಟಲಿಲ್ಲ. ಅಪ್ಪನ ಹಾಗೆಯೇ ತಲೆದೀಪ ಕಟ್ಟಿಕೊಂಡು ಗಣಿಗೆ ಇಳಿದ. ಮುತ್ಯಾಲು ಹೊಲಿಗೆ ಕಲಿತು ಬೂದಿಕೋಟೆಗೆ ವಾಪಸ್ಸಾದಳು. ಹಸು ಕರೆದಳು, ರವಿಕೆ ಹೊಲಿದಳು, ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆಪ ಹೇಳಿ ಕಳಿಸಿದಳು.

ಬೂದಿಕೋಟೆಯಿಂದ ಬಸ್ಸು, ಬಂಗಾರಪೇಟೆಯಿಂದ ರೈಲು. ಬೆಳಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪುವ ಊರು. ಆ ದಾರಿ ನಡೆಯಲು ಇಬ್ಬರಿಗೂ ಆಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಇವಳು. ಅವಳಿಗೆ ಬೇಕಾಗಿದ್ದು ಇಲಿ ಬರೆದವನು, ನಾನಲ್ಲ ಎಂದು ಅವನು. ಹಾಗೇ ಮೂರು ವರ್ಷ ಹಾಳಾಗಿ ಹೋಯಿತು. ಹಾಲು ಕರೆಯುವಾಗ ಪ್ರತಿ ಸಲವೂ ಅವಳ ಬೆರಳು ತೊಟ್ಟು ಎಣಿಸುತ್ತಿತ್ತು, ಕಣ್ಣು ತುಂಬುತ್ತಿತ್ತು.

ಒಂದು ದಿನ ಅಕ್ಕನನ್ನು ನೋಡಲು ಹೋದಾಗ ಟೆಂಟು ಬಿಚ್ಚುತ್ತಿದ್ದರು. ಪೆರುಮಾಳ್ ಹಗ್ಗ ಸುತ್ತುತ್ತಿದ್ದ, ತಲೆ ನರೆತಿತ್ತು.

"ಅವರು ಎಂಗವ್ರೆ ಅಣ್ಣಾ?" ಹೆಸರು ಹೇಳುವ ಧೈರ್ಯ ಅವಳಿಗಾಗಲಿಲ್ಲ.

"ಎಂಗಿರ್ತಾನೆ? ಮದ್ವೆ ಬೇಡ ಅಂತಾನೆ. ಜೊತೆಯವರು ಅವನನ್ನ ಪೈತ್ಯಕಾರ, ಹುಚ್ಚ ಅಂತಾರೆ. ಯಾಕೆ ಗೊತ್ತಾ ತಂಗಚ್ಚಿ? ದಿನಾ ಗಣಿಯೊಳಗೆ ಬುತ್ತಿಯಲ್ಲಿ ಅರ್ಧ ಇಲಿಗೆ ಆಕ್ತಾನಂತೆ!"

ಮುತ್ಯಾಲು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೂರು ವರ್ಷದ ಹಿಂದೆ ತಾನು ಕೇಳಿದ ಪ್ರಶ್ನೆಗೆ ಅವನು ಹೀಗೆ ಉತ್ತರ ಹೇಳುತ್ತಿದ್ದ!

ಕಣ್ಣೊರೆಸಿಕೊಂಡು ಎದ್ದಳು. "ಅಕ್ಕಾ, ನಾನು ಕೆ.ಜಿ.ಎಫ್‌ಗೆ ಓಗ್ಬತ್ತೀನಿ."

"ಓಗು ತಾಯಿ," ಎಂದಳು ಪಾಪಕ್ಕ. "ಈಗ್ಲಾದ್ರೂ ಬುದ್ಧಿ ಬಂತಲ್ಲ!"

ಶಿಫ್ಟು ಬಿಡುವ ಸೈರನ್ ಕೂಗಿತು. ಗಣಿಗೆ ಇಳಿಯುವ ಶಾಫ್ಟಿನ ಗೇಟಿನಿಂದ ಧೂಳು ಮೆತ್ತಿದ ಮುಖಗಳು ಒಂದೊಂದಾಗಿ ಹೊರಬಂದವು. ಅವುಗಳಲ್ಲಿ ಒಂದು ಮುಖ ಅವಳನ್ನು ಕಂಡು ನಿಂತಿತು. ಎಷ್ಟು ಸೊರಗಿಹೋಗಿದ್ದಾರೆ!

"ಮುತ್ಯಾಲು...?"

"ಆವತ್ತು ಅರ್ಧ ಮಾತಾಡಿ ಬಂದ್ಬಿಟ್ಟೆ," ಎಂದಳು ಒಂದೇ ಉಸಿರಿಗೆ. "ಇನ್ನರ್ಧ ಈಗ ತಂದಿದೀನಿ. ಆ ಕಥೆ ಚೆನ್ನಾಗಿರ್ಲಿಲ್ಲ. ಈಗ್ಲೂ ಅದನ್ನೇ ಏಳ್ತೀನಿ. ಆದ್ರೆ ಬರೆದೋರು ನಂಗೆ ಬೇಕು. ಆವತ್ತೂ ಬೇಕಿತ್ತು... ಏಳೋಕೆ ಬಾಯಿ ಬರ್ಲಿಲ್ಲ."

ಕೋದಂಡ ತಲೆದೀಪ ಬಿಚ್ಚಿ ಕೈಗೆ ತೆಗೆದುಕೊಂಡ. "ನನ್ನ ಕೈಲಿ ಈಗ ಗೆರೇನೂ ಬರಲ್ಲ ಮುತ್ಯಾಲು. ಬರೀ ಗಣಿ ಕೆಲ್ಸದೋನು."

"ನಾನು ಗೆರೆ ಕೇಳ್ದೆನಾ? ಭಾನುವಾರ ನಮ್ಮೂರಿಗೆ ಬನ್ನಿ. ಅಸೂಗೆ ಎಷ್ಟು ತೊಟ್ಟು ಅಂತ ತೋರಿಸ್ತೀನಿ!"

ಅಳುವಿನ ನಡುವೆ ಇಬ್ಬರಿಗೂ ನಗು ಬಂದುಬಿಟ್ಟಿತು.

ಭಾನುವಾರ ಬಂತು, ಕೋದಂಡನೂ ಬಂದ. ಮುತ್ಯಾಲುವಿನ ಅಪ್ಪ ಮುನಿಸ್ವಾಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಏನಪ್ಪಾ, ಅಸ ನೋಡಕ್ ಬಂದಿದೀಯಂತೆ. ಅಸಾನೋ, ಉಡ್ಗೀನೋ?"

ಕೋದಂಡ ತಡವರಿಸಿದ. "ಎರಡೂ..."

"ಅಂಗಾರೆ ಮೊದ್ಲು ಕೊಟ್ಟಿಗೆಗೆ ಓಗು. ಅದು ಒದೆಯದಿದ್ರೆ ಆಮೇಲೆ ಮಾತಾಡಾಣ," ಎಂದು ಮೀಸೆಯಲ್ಲೇ ನಕ್ಕು ಮುನಿಸ್ವಾಮಪ್ಪ ಎದ್ದುಹೋದ.

ಸಂಜೆ ಬಿಸಿಲು ಕೊಟ್ಟಿಗೆಯೊಳಗೆ ಬಿದ್ದಿತ್ತು. ಮುತ್ಯಾಲು ಕರುವನ್ನು ಬಿಟ್ಟು, ಕುಡಿಸಿ, ಕಟ್ಟಿ, ಹಾಲು ಕರೆಯಲು ಕೂತಳು. ಕೋದಂಡ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಜೇಬಿನಿಂದ ಮಸಿ ಹಿಡಿಸಿದ ಒಂದು ಗಾಜು, ಒಂದು ಸೂಜಿ ತೆಗೆದ. ಮೆಲ್ಲಗೆ ಗೀರತೊಡಗಿದ. ಅವಳು ನೋಡಲಿಲ್ಲ. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಎಂಬ ಭಯ ಅವಳಿಗೆ.

ಚೊಂಬು ತುಂಬುವ ಹೊತ್ತಿಗೆ ಅವನು ಗಾಜನ್ನು ಬಿಸಿಲಿಗೆ ಹಿಡಿದ.

ಹಸು ಇತ್ತು. ನಾಲ್ಕೇ ತೊಟ್ಟು! ಹಾಲು ಕರೆಯುವ ಹುಡುಗಿ ಇದ್ದಳು, ಈ ಸಲ ಅವಳು ನಗುತ್ತಿರಲಿಲ್ಲ. ಅವಳ ಕಾಲ ಹತ್ತಿರ, ಹುಲ್ಲಿನ ಮರೆಯಿಂದ ಮೂತಿ ಚಾಚಿ ಒಂದು ಇಲಿ ಕೂತಿತ್ತು.

ಮುತ್ಯಾಲುವಿನ ಕಣ್ಣು ಮಂಜಾಯಿತು. "ಇದು... ಇಲ್ಲಿಗೆಂಗ್ ಬಂತು?"

"ದಾರಿ ಕೇಳ್ಕೊಂಡು ಬಂತು."

"ಇಷ್ಟು ವರ್ಷ ಬೇಕಾಯ್ತಾ?"

"ಒಳಗೆ ಕತ್ಲೆ ಇತ್ತಲ್ಲ ಮುತ್ಯಾಲು... ಅದಕ್ಕೆ ತುತ್ತು ಆಕೋರ್ಯಾರು ಈಗ?"

"ನಾನಿಲ್ವಾ?"

ಅವನು ಗಾಜನ್ನು ಅವಳ ಮುಂದೆ ಚಾಚಿದ. ಆಮೇಲೆ ಕೇಳಿದ. "ನಿಜ ಏಳು. ಚೆನ್ನಾಗೈತಾ?"

ಮುತ್ಯಾಲು ಗಾಜನ್ನು ಕೈಗೆ ತೆಗೆದುಕೊಂಡಳು. ಗೆರೆ ಅಲ್ಲಲ್ಲಿ ತಪ್ಪಿತ್ತು. ಹಸುವಿನ ಬೆನ್ನು ಸೊಟ್ಟಗಿತ್ತು. ಆ ಹಳೆಯ ಕೈ ಇನ್ನು ಬರುವುದಿಲ್ಲ, ಆ ಹಳೆಯ ಇಲಿಯೂ ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಆ ಇಲಿಯಷ್ಟು ಚೆನ್ನಾಗಿಲ್ಲ," ಎಂದಳು.

ಕೋದಂಡ ನಕ್ಕ. ಈ ಸಲ ಅವನಿಗೆ ನೋವಾಗಲಿಲ್ಲ. "ಆದ್ರೆ?"

ಅವಳು ಗಾಜನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು.

"ಆದ್ರೆ... ಇದನ್ನ ಮಾತ್ರ ತೊಳೀಬ್ಯಾಡಿ."