ಎಂಟು ತಿಂಗಳ ಸ್ಕ್ರೂಗಳು

ವೆಂಡೆಲ್ ಮೊದಲ ಸಲ ಮಾರ್ಲಾಳ ಹಾರ್ಡ್‌ವೇರ್ ಅಂಗಡಿಗೆ ಬಂದಾಗ ಕೈಯಲ್ಲಿ ಹಿಡಿದಿದ್ದು ಗೋಡೆಗೆ ಜಿಪ್ಸಮ್ ಹಲಗೆ ಕೂರಿಸುವ ಕಪ್ಪು ಸ್ಕ್ರೂ. ಪುಟಾಣಿ ರೈಲು ಓಡಿಸಲು ನೆಲಮಾಳಿಗೆಯಲ್ಲಿ ಮರದ ಮೇಜು ಕಟ್ಟಬೇಕಂತೆ. ಪೆನ್ಸಿಲ್ವೇನಿಯಾದ ಆ ರೈಲ್ವೆ ಊರಿನಲ್ಲಿ ಮೂರು ಮನೆಗೊಂದು ಅಂಥ ಮೇಜಿದೆ. ಆದರೂ ಈ ಪುಣ್ಯಾತ್ಮನಿಗೆ ಯಾರೂ ಬುದ್ಧಿ ಹೇಳಿರಲಿಲ್ಲ.

"ಇದರ ತಲೆ ಪಟ್ ಅಂತ ಮುರಿಯುತ್ತೆ. ಮರಕ್ಕೆ ಹಾಕೋ ಸ್ಕ್ರೂ ತಗೊಳ್ಳಿ, ಕೆಳಗಿಂದ ಹಾಕಿ," ಎಂದಳು ಮಾರ್ಲಾ. "ಅಂಟು ಮಾತ್ರ ಮುಟ್ಟಬೇಡಿ. ನಾಳೆ ಮನೆ ಬದಲಾಯಿಸಿದ್ರೆ ಬಿಚ್ಚಿ ತಗೊಂಡು ಹೋಗ್ಬೇಕಲ್ಲ."

ಅವನು ನೋಡುತ್ತಿದ್ದದ್ದು ಸ್ಕ್ರೂವನ್ನಲ್ಲ, ಅದನ್ನು ಆರಿಸಿ ಹಿಡಿದ ಅವಳ ಬೆರಳುಗಳನ್ನು.

ಆಮೇಲೆ ಪ್ರತಿ ಶನಿವಾರ ಬಂದ. ಒಮ್ಮೆ ಮೇಜಿನ ಕಾಲಿಗೆ, ಒಮ್ಮೆ ಅಡ್ಡಪಟ್ಟಿಗೆ, ಒಮ್ಮೆ ಆಟಿಕೆ ಗುಡ್ಡ ಹೊರುವ ಹಲಗೆಗೆ ಎಂದು ಹಿಡಿಯಷ್ಟೇ ಸ್ಕ್ರೂ ಕೇಳುತ್ತಿದ್ದ. ಇಡೀ ಪೆಟ್ಟಿಗೆ ಒಯ್ಯಬಾರದೇ ಎಂದು ಅವಳು ಕಿಚಾಯಿಸಿದರೆ ಕಿವಿ ಕೆಂಪಾಗಿಸಿಕೊಂಡು ನಗುತ್ತಿದ್ದ. ವಿಚ್ಛೇದನದ ನಂತರ ಡಬ್ಬಿ ಸೇರಿದ್ದ ಓಲೆಗಳು ಶನಿವಾರಗಳಂದು ಮಾರ್ಲಾಳ ಕಿವಿಗೆ ಬಂದವು. ಕಾಣದ ಆ ಮೇಜಿನ ಸೇತುವೆ, ಸುರಂಗ ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಎಂಟನೇ ತಿಂಗಳ ಒಂದು ಶನಿವಾರ, ಅಂಗಡಿ ಮಾರಿದ್ದಾಗಿಯೂ ತಿಂಗಳ ಕೊನೆಗೆ ಮುಚ್ಚುವುದಾಗಿಯೂ ಹೇಳಿದಳು.  ವೆಂಡೆಲ್ ಅಂದು ಕೊಂಡ ಸ್ಕ್ರೂ ಪೊಟ್ಟಣವನ್ನೂ ಅಲ್ಲೇ ಬಿಟ್ಟು ಹೊರಟುಹೋದ. ಇಷ್ಟೇನಾ ನಾನು ಇವನಿಗೆ ಎಂದುಕೊಂಡಳು ಅವಳು.

ಅದನ್ನು ತಿಳಿಯದೆ ಇರಲಾಗಲಿಲ್ಲ. ಮರುದಿನ ಮಧ್ಯಾಹ್ನ ಪೊಟ್ಟಣ ಹಿಡಿದು ಅವನ ಮನೆಗೇ ಹೋದಳು. ಬಾಗಿಲು ತೆರೆದವನ ಮುಖ ಬಿಳಿಚಿತು. ನೆಲಮಾಳಿಗೆಯಲ್ಲಿ ನೀರು ನಿಂತಿದೆ, ಇನ್ನೊಂದು ದಿನ ನೋಡಬಹುದು ಎಂದು ತೊದಲಿದ. ಎಂಟು ತಿಂಗಳು ಕಾದವಳು ಕೇಳುತ್ತಾಳೆಯೇ? ಸರಸರನೆ ಮೆಟ್ಟಿಲಿಳಿದಳು.

ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು.

ನೀರಿರಲಿಲ್ಲ. ಮೇಜೂ ಇರಲಿಲ್ಲ. ಸೇತುವೆಯಿಲ್ಲ, ಗುಡ್ಡವಿಲ್ಲ, ಒಂದಡಿ ಹಳಿಯೂ ಇಲ್ಲ. ಕಟ್ಟು ಬಿಚ್ಚದ ಹಲಗೆಗಳು ಗೋಡೆಗೊರಗಿದ್ದವು. ಕಪಾಟಿನ ತುಂಬ ಜಾಮ್ ಬಾಟಲಿಗಳು, ಅವುಗಳಲ್ಲಿ ಅವಳೇ ಆರಿಸಿ ಕೊಟ್ಟ ಸ್ಕ್ರೂಗಳು. ಕೆನ್ನೆಗೆ ಬಾರಿಸಿದ ಹಾಗಾಯಿತು ಮಾರ್ಲಾಳಿಗೆ.

"ಎಂಟು ತಿಂಗಳು ನನ್ನನ್ನ ಆಟ ಆಡಿಸಿದ್ರಾ?"

 ಅಷ್ಟರಲ್ಲಿ ಅವಳ ಕಣ್ಣು ಬಾಟಲಿಗಳಿಗೆ ಅಂಟಿಸಿದ್ದ ಚೀಟಿಗಳ ಮೇಲೆ ಬಿತ್ತು. ಮಾರ್ಚ್ ಒಂಬತ್ತು, ಬೈದಳು. ಮಾರ್ಚ್ ಹದಿನಾರು, ಹಸಿರು ಓಲೆ. ಜೂನ್ ಒಂದು, ಕೆಮ್ಮುತ್ತಿದ್ದಳು. ಹಾಗೇ ಸಾಲಾಗಿ, ಒಂದು ಶನಿವಾರವೂ ತಪ್ಪಿರಲಿಲ್ಲ. ಕೊನೆಯದು ಖಾಲಿ ಬಾಟಲಿ. ಅದರ ಮೇಲೆ ನಿನ್ನೆಯ ತಾರೀಕು, ಮತ್ತೇನೂ ಇಲ್ಲ.

"ಮೇಜು ಮುಗಿದ್ರೆ ಅಂಗಡಿಗೆ ಬರೋಕೆ ನೆಪ ಇರ್ತಿರ್ಲಿಲ್ಲ," ಎಂದ. "ಈಗ ಅಂಗಡೀನೇ ಇಲ್ಲ ಅಂದ್ರಿ. ನನಗೆ ಬಾಯಿ ಕಟ್ಟಿಹೋಯ್ತು."

 ಮಾರ್ಲಾಳಿಗೆ ಅಳು ಬಂತು, ನಗುವೂ ಬಂತು. ಕೈಲಿದ್ದ ಪೊಟ್ಟಣವನ್ನು ಖಾಲಿ ಬಾಟಲಿಗೆ ಸುರಿದಳು.

"ಮುಚ್ತಿರೋದು ಅಂಗಡಿ ಕಣೋ, ನಾನು ಎಲ್ಲಿಗೂ ಹೋಗ್ತಿಲ್ಲ. ಆ ಡ್ರಿಲ್ ಕೊಡು."

ಹಲಗೆಗಳ ಕಟ್ಟು ಬಿಚ್ಚಿದರು. ಮೊದಲ ಕಾಲು ನಿಲ್ಲಿಸುವಾಗ, ಭದ್ರವಾಗಿರಲಿ ಎಂದು ವೆಂಡೆಲ್ ಅಂಟಿನ ಡಬ್ಬಿ ತೆಗೆದ.

"ಅಂಟು ಬೇಡ ಅಂತ ಅವತ್ತೇ ಹೇಳಿದ್ನಲ್ಲ," ಎಂದಳು ಮಾರ್ಲಾ, ಸ್ಕ್ರೂ ಬಿಗಿಸುತ್ತಲೇ. "ನಮ್ಮನೆ ನೆಲಮಾಳಿಗೆ ಇದಕ್ಕಿಂತ ದೊಡ್ಡದಿದೆ."

ವೆಂಡೆಲನ ಕೈಯಿಂದ ಡಬ್ಬಿ ಜಾರಿ ಬಿತ್ತು.