ಅವನು ಹೇಳದೆ ಬಿಟ್ಟ ಮಾತು

"ನಿದ್ದೆ ಬರ್ತಿಲ್ವಂತೆ ಅಂತ ಮಾತ್ರ ಅಂದ್ರಿ. ಅವಳು ಹೇಳಿದ್ದು ಅಷ್ಟೇನಾ?"

ಆಸ್ಪತ್ರೆಯ ಕಾರಿಡಾರಿನಲ್ಲಿ ನರ್ಸ್ ದುಭಾಷಿಗೆ ಅಡ್ಡ ನಿಂತಿದ್ದಳು. ಒಳಗೆ, ನಿರಾಶ್ರಿತರ ಶಿಬಿರದ ಹೆಂಗಸೊಬ್ಬಳು ಎಚ್ಚರವಿಲ್ಲದೆ ಮಲಗಿದ್ದಳು. ಶಿಬಿರದ ಕ್ಲಿನಿಕ್ಕಿನಲ್ಲಿ ನರ್ಸ್ ಕೈಯಾರೆ ಕೊಟ್ಟ ನಿದ್ದೆ ಮಾತ್ರೆಗಳನ್ನೆಲ್ಲ ಒಟ್ಟಿಗೆ ನುಂಗಿದ್ದಳು.

"ಅಷ್ಟೇ ಅಲ್ಲ," ಎಂದ ಅವನು. "ಗಡಿ ದಾಟುವಾಗ ಮಗಳು ಹೊಳೆ ಪಾಲಾದಳಂತೆ. ತನಗೂ ಬದುಕೋದು ಬೇಡ ಅಂದಿದ್ಲು..."

ನರ್ಸ್ ಗೋಡೆಗೆ ಒರಗಿದಳು.

ಆ ಜನರ ಭಾಷೆ ಅವಳಿಗೆ ಬಾರದು. ಎರಡು ವರ್ಷದಿಂದ ಇವನ ಬಾಯಿಂದಲೇ ಎಲ್ಲವನ್ನೂ ಕೇಳಿದವಳು. 'ಅವರು ಮಾರುದ್ದ ಅತ್ತರೆ ನೀವು ಗೇಣುದ್ದ ಹೇಳ್ತೀರಲ್ಲ' ಎಂದು ಮೊನ್ನೆ ಮೊನ್ನೆ ರೇಗಿಸಿದ್ದಳು. ಅವನು ನಕ್ಕಿದ್ದ. ಆ ನಗುವೊಂದಕ್ಕಾಗಿಯೇ ಎದ್ದು ಕೆಲಸಕ್ಕೆ ಬಂದ ದಿನಗಳೂ ಇದ್ದವು.

"ಯಾಕೆ ಮುಚ್ಚಿಟ್ರಿ?"

"ಹೋದ ತಿಂಗಳು ಔಷಧಿ ಕೋಣೇಲಿ ಕೂತು ಅಳ್ತಿದ್ರಿ. ಇನ್ನೊಂದು ಮಗು ಸತ್ತ ಕಥೆ ಕೇಳೋ ಶಕ್ತಿ ನನಗಿಲ್ಲ ಅಂದ್ರಿ. ಆವತ್ತಿಂದ ಮಕ್ಕಳ ವಿಷಯ ಬಂದಾಗೆಲ್ಲ... ಬಿಟ್ಟುಬಿಡ್ತಿದ್ದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಮರುಕ್ಷಣ ಆ ಕೋಪ ತನ್ನ ಮೇಲೆಯೇ ತಿರುಗಿತು. 'ನನ್ನ ಮಾತೇ ಅವಳ ಪ್ರಾಣಕ್ಕೆ ಕುತ್ತಾಯ್ತಲ್ಲ...'

"ನನ್ನನ್ನ ಉಳಿಸೋಕೆ ಹೋಗಿ ಅವಳನ್ನ ಕೊಲ್ತಿದ್ರಿ."

"ಹೌದು. ಡಾಕ್ಟರಿಗೆ ಎಲ್ಲ ಹೇಳಿದೀನಿ. ಈ ಕೆಲಸಕ್ಕೆ ಇನ್ನು ಬರಲ್ಲ."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೆಂಗಸಿಗೆ ಎಚ್ಚರವಾಗಿತ್ತು.

"ಬನ್ನಿ," ಎಂದಳು ನರ್ಸ್. "ಈ ಸಲ ಒಂದಕ್ಷರ ಬಿಡಕೂಡದು."

ಹೆಂಗಸು ಪಿಸುಗುಟ್ಟಿದಳು. ಅವನು ಹೇಳುತ್ತಾ ಹೋದ.

"ಮಗಳ ಜಡೆ ಬಿಚ್ಚಿಹೋಗಿತ್ತಂತೆ. ಹೆಣೆಯಮ್ಮಾ ಅಂದಳಂತೆ. ಆಚೆ ದಡಕ್ಕೆ ಹೋಗಿ ಹೆಣೀತೀನಿ, ಸುಮ್ಮನಿರು ಅಂತ ಗದರಿಸಿದ್ದಳಂತೆ..."

ಅವನ ದನಿ ಒಡೆಯಿತು.

ಹೆಂಗಸಿನ ಕೈ ಹಿಡಿದಿದ್ದ ನರ್ಸ್ ಅವನತ್ತ ನೋಡಿದಳು. ಎಷ್ಟು ಇಳಿದುಹೋಗಿದ್ದಾನೆ. ತಾನು ಕೇಳದೆ ಉಳಿದದ್ದನ್ನೆಲ್ಲ ಇವನೊಬ್ಬನೇ ಕೇಳಿದ್ದಾನೆ. ಎರಡು ವರ್ಷ ಪಕ್ಕದಲ್ಲೇ ಕೂತು, ತನ್ನ ಕಣ್ಣಿಗೆ ಇದು ಬೀಳಲೇ ಇಲ್ಲವಲ್ಲ...

ಹೆಂಗಸು ಅತ್ತು ಅತ್ತು ಮಲಗಿದ ಮೇಲೆ, ಅವಳ ಪಕ್ಕ ಇನ್ನೊಬ್ಬ ನರ್ಸನ್ನು ಕೂರಿಸಿ ಇಬ್ಬರೂ ಹೊರಗಿನ ಬೆಂಚಿಗೆ ಬಂದರು.

"ನೀವು ಹೇಳದೆ ಬಿಟ್ಟ ಮಿಕ್ಕವರ ಮಾತು?"

"ಎಲ್ಲಾ ನೆನಪಿದೆ."

"ನಾಳೆ ಅವರನ್ನೆಲ್ಲ ವಾಪಸ್ ಕರೆಸ್ಬೇಕು. ಪಕ್ಕದಲ್ಲಿ ನೀವಿರ್ಬೇಕು. ಅದು ಮುಗಿದ ಮೇಲೆ ನಾನು ರಜೆ ಹಾಕ್ತೀನಿ. ನೀವೂ ಹಾಕಿ."

"ನನ್ನನ್ನ ಕ್ಷಮಿಸಿದ್ರಾ?"

"ಇನ್ನೂ ಇಲ್ಲ."

ಅವನು ನೆಲ ನೋಡುತ್ತಲೇ ಹೇಳಿದ.

"ನೀವಂದ್ರೆ ನನಗೆ ಪ್ರಾಣ."

"ಅಷ್ಟೇನಾ?"

"ಅಷ್ಟೇ ಅಲ್ಲ... ಭಯಾನೂ ಆಗ್ತಿದೆ."

"ನನಗೂ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು.