ಅರ್ಧ ಗಂಟೆಯ ವಿಮಾನ

ಮಗಳು ಸೌಮ್ಯಾಳ ನಿಶ್ಚಿತಾರ್ಥದ ದಿನವೇ ಶರಣವ್ವನ ಬಂಗಾರದ ಗುಂಡಿನ ಬೋರಮಾಳ ಸರ ಮಾಯವಾಯಿತು. ಪೂಜೆ ಮುಗಿಸಿ, ಸರವನ್ನು ದೇವರ ಮುಂದೆ ತಟ್ಟೆಯಲ್ಲಿಟ್ಟು, ಎಂಟಕ್ಕೇ ಗಂಡ ಈರಣ್ಣನ ಜೊತೆ ಮುಂಬೈಯ ಘಾಟ್ಕೋಪರ್ ಮಾರ್ಕೆಟ್ಟಿಗೆ ಹೂವು ತರಲು ಹೋಗಿದ್ದಳು. ಹತ್ತಕ್ಕೆ ಮರಳಿದರೆ ತಟ್ಟೆ ಖಾಲಿ. ಸೌಮ್ಯಾ ಬ್ಯೂಟಿ ಪಾರ್ಲರಿಗೆ ಹೋಗಿದ್ದಳು; ಮನೆಯಲ್ಲಿದ್ದವಳು ಅಡುಗೆಯ ಸುಂದ್ರವ್ವ ಒಬ್ಬಳೇ.

"ನಿನ್ನ ಚೀಲ ತೆಗಿ, ನೋಡೂನು," ಎಂದುಬಿಟ್ಟಳು ಶರಣವ್ವ.

ಇಷ್ಟು ವರ್ಷ ಅನ್ನ ಬಡಿಸಿದವಳಿಗೆ ಈ ಮಾತು! ಸುಂದ್ರವ್ವ ಚೀಲ ಸುರುವಿದಳು. ಸರ ಇರಲಿಲ್ಲ. "ಇನ್ನ ಈ ಮನಿ ಹೊಸ್ತಿಲಾ ತುಳ್ಯಂಗಿಲ್ಲ," ಎಂದು ಚಪ್ಪಲಿ ಹುಡುಕತೊಡಗಿದಳು. ಹೆಂಡತಿಗೆ ಎದುರಾಡುವ ಎದೆಗಾರಿಕೆ ಈರಣ್ಣನಿಗೆ ಎಂದೂ ಇರಲಿಲ್ಲ. ಅವನು ಮೇಲಿನ ಮಹಡಿಗೆ ಓಡಿ ಗೆಳೆಯ ನಾಣಿಯನ್ನು ಎಳೆತಂದ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿದೇ ತಲೆ ನರೆಸಿಕೊಂಡ ನಾಣಿ ಆ ಬಿಲ್ಡಿಂಗಿನ ಪತ್ತೇದಾರ.

ಹತ್ತೂವರೆಗೆ ಬೆಳಗಾವಿಯಿಂದ ಶರಣವ್ವನ ತಮ್ಮ ಶ್ರೀಶೈಲ ಬ್ಯಾಗು ಹಿಡಿದು ಬಂದ. ಅಂಗಿಯ ತೋಳಿಗೆ ಕೆಂಪು ರೇಷ್ಮೆ ಎಳೆಯೊಂದು ಅಂಟಿತ್ತು.

"ಬೀಗ ಒಡೆದಿಲ್ಲ. ಕೀಲಿ ಯಾರ ಹತ್ರ ಇದೆ?" ನಾಣಿ ಕೇಳಿದ.

"ನಮ್ಮ ಕಡೆ, ಮತ್ತ ಆಗಾಗ ಬಂದ್ಹೋಗೋ ಶ್ರೀಶೈಲನ ಕಡೆ," ಎಂದ ಈರಣ್ಣ. "ಆದ್ರ ಅಂವ ವಿಮಾನದಾಗಿದ್ದ."

"ನಾ ಮಿಕ್ಸರ್ ಹಚ್ಚಿದ್ದೆ, ಯಾರ ಬಂದರೂ ಕೇಳತಿರಲಿಲ್ಲ," ಎಂದಳು ಸುಂದ್ರವ್ವ.

"ಪ್ರಯಾಣ ಸುಖವಾಗಿತ್ತಾ?" ನಾಣಿ ಶ್ರೀಶೈಲನತ್ತ ತಿರುಗಿದ.

"ಭಾರೀ ಆತ್ರಿ! ನಾಲ್ಕುನೂರು ಕಿಲೋಮೀಟರ್, ಬರೋಬ್ಬರಿ ಅರ್ಧ ತಾಸು. ಒಂಬತ್ತೂವರೆಗೆ ಹಾರಿದ್ವಿ, ಹತ್ತಕ್ಕ ಇಳದೆ, ರಿಕ್ಷಾ ಹಿಡದೆ, ಬಂದೆ."

ಭಾವಮೈದುನನ ಲೆಕ್ಕ ಈರಣ್ಣನಿಗೆ ಮೆಚ್ಚುಗೆಯಾಯಿತು. ನಾಣಿ ಮಾತ್ರ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದ, ಸುಂದ್ರವ್ವನಿಗೂ ಕುರ್ಚಿ ಹಾಕಿಸಿದ.

"ಕದ್ದವಳು ನೀವು ಬರೋವರೆಗೂ ಹೂರಣ ರುಬ್ತಾ ಕೂತಿರ್ತಾಳಾ? ಈಗ ವಿಮಾನದ ವಿಷಯ. ದೂರವನ್ನ ವೇಗದಿಂದ ಭಾಗಿಸಿದ್ರೆ ಅರ್ಧ ಗಂಟೆ ಬರುತ್ತೆ, ಫೋನಿನ ಕ್ಯಾಲ್ಕುಲೇಟರೂ ಹಾಗೇ ತೋರಿಸುತ್ತೆ. ಆದರೆ ವಿಮಾನ ನಿಧಾನವಾಗಿ ಏರಬೇಕು, ನಿಧಾನವಾಗಿ ಇಳೀಬೇಕು, ಮುಂಬೈ ಮೇಲೆ ಸರದಿಗೆ ಕಾಯ್ತಾ ಸುತ್ತಬೇಕು. ಒಂದು ಗಂಟೆಯಾದರೂ ಬೇಕೇ ಬೇಕು. ಒಂಬತ್ತೂವರೆಗೆ ಹಾರಿದವರು ಹತ್ತೂವರೆಗೆ ಈ ಮನೇಲಿರಲ್ಲ. ಅಂದ್ರೆ ಇವರು ವಿಮಾನ ಹತ್ತೇ ಇಲ್ಲ. ಬೆಳಿಗ್ಗೆಯೇ ಊರಲ್ಲಿದ್ದರು, ಕೀಲಿಯೂ ಇತ್ತು. ತೋಳಿಗಂಟಿರೋ ಎಳೆ ಸರ ಪೋಣಿಸೋ ರೇಷ್ಮೆ. ಮಾರೋಕೆ ಒಯ್ದವರು ಹೊಸ ದಾರ ಹಾಕಿಸ್ತಾರಾ? ತೆಗೀರಿ ಶ್ರೀಶೈಲ, ಜೇಬಿನಿಂದ."

ಶ್ರೀಶೈಲ ತಲೆ ತಗ್ಗಿಸಿ ಸರ ಹೊರತೆಗೆದ. ಬಂಗಾರದ ಗುಂಡುಗಳು ಹೊಸ ದಾರದಲ್ಲಿ ಹೊಳೆದವು.

"ದಾರ ಜೀರ್ಣ ಆಗಿತ್ತಕ್ಕಾ, ನೀ ಕೇಳಿದ್ರ ಕೊಡ್ತಿರಲಿಲ್ಲ. ಸರ ಪೋಣಸೋ ಪಟವೇಗಾರನ ಕಡೆ ಹೊಸಾದು ಹಾಕಿಸಿ, ಸಂಜಿಕ ನಿನ್ನ ಕೊಳ್ಳಾಗ ಹಾಕೂಣಂತ ಮಾಡಿದ್ದೆ. ವಿಮಾನ ಅಂದ್ರ ನನಗ ಅಂಜಿಕಿ. ನೀ ಬಿಲ್ಡಿಂಗಿಗೆಲ್ಲಾ 'ನನ್ನ ತಮ್ಮ ವಿಮಾನದಾಗ ಬರ್ತಾನ' ಅಂತ ಹೇಳ್ಕೊಂಡು ಬಂದೀ. ಬಸ್ಸಿನ್ಯಾಗ ಬಂದೆ ಅಂತ ಹ್ಯಾಂಗ ಹೇಳಲಿ?"

"ಹೇಳಾಕ ಆಗದಿದ್ರ ಈ ಹೆಣ್ಮಗಳು ಕಳ್ಳಿ ಆಗಬೇಕಿತ್ತೇನೋ?" ಈರಣ್ಣ ಗುಡುಗಿದ. ತನ್ನ ದನಿ ಕೇಳಿ ಅವನಿಗೇ ಆಶ್ಚರ್ಯವಾಯಿತು. ಮನಸ್ಸು ಹಗುರವೂ ಆಯಿತು.

ಶರಣವ್ವ ಸುಂದ್ರವ್ವನ ಕೈ ಹಿಡಿದಳು. "ತಪ್ಪಾತು ನಂದು. ಹೋಗಬ್ಯಾಡ."

ಸುಂದ್ರವ್ವ ಕುರ್ಚಿಯಿಂದ ಏಳಲಿಲ್ಲ. "ಹೋಗಂಗಿಲ್ಲ. ಆದ್ರ ಇವತ್ತ ಹೋಳಿಗಿ ನೀವ ಲಟ್ಟಸ್ರಿ, ನಿಮ್ಮ ತಮ್ಮ ಬೇಯಸಲಿ. ನಾ ಛಲೋ ಸೀರಿ ಉಟ್ಕೊಂಡ ಬಂದು ಬೀಗರ ಸಾಲಿನ್ಯಾಗ ಕುಂಡ್ರತೀನಿ."

ಶರಣವ್ವ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು.